ಎಣ್ಣೆ ಕುಡಿದ ನೆಲಕ್ಕೆ ಯಾವ ಹಾಸು?

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮದೊಂದು ಶೇಂಗಾ ಎಣ್ಣೆ ಮಿಲ್ಲು ಬಹಳ ವರ್ಷಗಳಿಂದ ಬಾಗಿಲು ಹಾಕಿದೆ. ಡಿಸೈನರುಗಳು, ಬಡಗಿಗಳು, ಚಿತ್ರಕಾರರು ಹಂಚಿಕೊಂಡು ಕೆಲಸ ಮಾಡುವ ಜಾಗವಾಗಿಸುವ ಆಸೆ. ನೆಲಕ್ಕೆ ಎಪಾಕ್ಸಿ (ಗಟ್ಟಿಯಾಗುವ ರಾಳದ ಲೇಪ) ಬಳಿಸಿದರೆ ಮೂರೇ ತಿಂಗಳಿಗೆ ಹಪ್ಪಳದಂತೆ ಎದ್ದಿತು. ಸಿಮೆಂಟ್ ಶೀಟಿನ ಚಾವಣಿಯ ಕೆಳಗೆ ಮಧ್ಯಾಹ್ನ ನಿಲ್ಲಲಾಗದು. ಏನು ಮಾಡೋಣ?
– ಓದುಗರು, ಚಳ್ಳಕೆರೆ

ಉತ್ತರ: ವರ್ಷಗಟ್ಟಲೆ ಎಣ್ಣೆ ಕುಡಿದ ಕಾಂಕ್ರೀಟಿಗೆ ಯಾವ ಬಣ್ಣವೂ ಕಚ್ಚುವುದಿಲ್ಲ. ಮೇಲೆ ತೊಳೆದರೂ ಕಾವೇರಿದಾಗ ಒಳಗಿನ ಜಿಡ್ಡು ಮತ್ತೆ ಮೇಲಕ್ಕೆ ಬರುತ್ತದೆ. ಆ್ಯಸಿಡ್ ಹಾಕಿಸಬೇಡಿ, ಅದು ಸಿಮೆಂಟನ್ನು ತಿನ್ನುತ್ತದೆಯೇ ಹೊರತು ಎಣ್ಣೆಯನ್ನು ತೆಗೆಯುವುದಿಲ್ಲ. ಎದ್ದ ಪೊರೆ ಕೆರೆದು ಅಲ್ಲಲ್ಲಿ ನೀರಿನ ಹನಿ ಬಿಟ್ಟು ನೋಡಿ. ಹೀರಿಕೊಂಡರೆ ಸರಿ, ಮಣಿಯಂತೆ ನಿಂತರೆ ಎಣ್ಣೆಯಿದೆ. ಎಣ್ಣೆ ಹಿಂಡುವ ಎಕ್ಸ್‌ಪೆಲರ್, ಅದನ್ನು ಸೋಸುವ ಫಿಲ್ಟರ್ ಪ್ರೆಸ್ ಕೂತಿದ್ದ ಜಾಗಗಳಲ್ಲಿ ಹೀಗೆ ನಿಲ್ಲುವುದೇ ಹೆಚ್ಚು. ಅಲ್ಲಿ ಅಂಟಿಸುವ ಹಟ ಬಿಡಿ. 250 ಮೈಕ್ರಾನ್ ಪಾಲಿಥೀನ್ ಹಾಳೆ ಹಾಸಿ, ಅದರ ಮೇಲೆ ಕಬ್ಬಿಣದ ಜಾಲರಿ ಇಟ್ಟು 4 ಇಂಚು ಹೊಸ ಕಾಂಕ್ರೀಟ್ ಹಾಕಿಸಿ. ಮರುದಿನವೇ 10 ಅಡಿಗೊಂದು ಜಾಯಿಂಟ್ (ಸೀಳುಗೆರೆ) ಕೊಯ್ಯಿಸಿ, ಇಲ್ಲವಾದರೆ ತನಗೆ ಬೇಕಾದಲ್ಲಿ ಬಿರುಕು ಬಿಡುತ್ತದೆ. ನೆಲ 4 ಇಂಚು ಏರುವುದರಿಂದ ಶಟರ್, ಹೊಸ್ತಿಲು, ಶೌಚಾಲಯದ ಮಟ್ಟ ಮೊದಲೇ ಅಳೆದಿಡಿ.

ಹಳೆಯ ಸಿಮೆಂಟ್ ಶೀಟೆಂದರೆ ಕಲ್ನಾರಿನದೇ (ಆಸ್ಬೆಸ್ಟಾಸ್) ಎಂದು ತಿಳಿದು ನಡೆಯಿರಿ. ಕೊರೆಯುವುದು, ಕೊಯ್ಯುವುದು, ಪ್ರೆಷರ್ ನೀರಿನಲ್ಲಿ ತೊಳೆಯುವುದು ಯಾವುದೂ ಬೇಡ, ಅದರ ಧೂಳು ಶ್ವಾಸಕೋಶ ಹಾಳುಮಾಡುತ್ತದೆ. ಮೇಲೆ ಕಾಲಿಟ್ಟರೆ ಮುರಿದು ಆಳು ಕೆಳಗೆ ಬೀಳುತ್ತಾನೆ. ಒಡೆದವನ್ನು ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ ಪಾಲಿಥೀನಿನಲ್ಲಿ ಸುತ್ತಿಸಿ. ಉಳಿದವು ಗಟ್ಟಿಯಿದ್ದರೆ ಚಾವಣಿ ಹೊತ್ತ ಟ್ರಸ್ಸಿನ ಕೆಳಗೆ ಹಗುರ ಸೀಲಿಂಗ್ ಕಟ್ಟಿ, ಎರಡು ತುದಿಯ ಗೋಡೆಗಳಲ್ಲಿ ಬಿಸಿಗಾಳಿ ಹೋಗಲು ಜಾಲಿ ಬಿಡಿ.

ಬೆಳಕಿಗೆಂದು ಉತ್ತರದ ಇಳಿಜಾರಿಗೆ ಪಾರದರ್ಶಕ ಶೀಟ್ ಹಾಕಿಸುವ ಯೋಚನೆಯಿದ್ದರೆ ಕೈಬಿಡಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ನಡುಹಗಲ ಸೂರ್ಯ ಉತ್ತರಕ್ಕೇ ಇರುತ್ತಾನೆ, ಬಿಸಿಲು ನೇರ ಒಳಗಿಳಿಯುತ್ತದೆ. ಉತ್ತರದ ಗೋಡೆಯಲ್ಲಿ ಎತ್ತರದ ಕಿಟಕಿ, ಮೇಲೊಂದು ಸಜ್ಜಾ ಸಾಕು.

ಪ್ರಶ್ನೆ: ನಮ್ಮ ಹಳೆ ಹತ್ತಿ ಗೋದಾಮಿನಲ್ಲಿ 8 ಅಡಿಯ ಪ್ಲೈವುಡ್ ಗೋಡೆ ಕಟ್ಟಿ ರೆಕಾರ್ಡಿಂಗ್ ಕೋಣೆ ಮಾಡಿದೆವು. ಪಕ್ಕದ ಗರಗಸದ ಸದ್ದು ನಿಲ್ಲುತ್ತಿಲ್ಲ.
– ಓದುಗರು, ದಾವಣಗೆರೆ

ಉತ್ತರ: ಸದ್ದು ಗೋಡೆ ದಾಟಿ ಮೇಲಿನಿಂದ ಇಳಿಯುತ್ತಿದೆ. ಕೋಣೆಗೆ ಅದರದೇ ಮುಚ್ಚಳ ಬೇಕು. ಗೋಡೆಯ ಎರಡೂ ಬದಿಗೆ 12.5 ಮಿ.ಮೀ. ಜಿಪ್ಸಮ್ ಹಲಗೆ ಎರಡೆರಡು ಪದರ, ನಡುವೆ ಸದ್ದು ಹೀರುವ 50 ಮಿ.ಮೀ. ರಾಕ್‌ವುಲ್, ಬಾಗಿಲ ಅಂಚಿಗೆಲ್ಲ ರಬ್ಬರ್ ಪಟ್ಟಿ. ಬೆರಳಗಲದ ಸಂದು ಉಳಿದರೂ ಖರ್ಚೆಲ್ಲ ವ್ಯರ್ಥ. ವೆಲ್ಡಿಂಗ್ ಶುರುಮಾಡುವ ಮುನ್ನ ಟ್ರಸ್ಸಿನ ಮೇಲೆ ಕೂತ ಹತ್ತಿಯ ನವಿರು ಧೂಳನ್ನು ವ್ಯಾಕ್ಯೂಮಿನಿಂದ ಎಳೆಸಿ, ಒಂದು ಕಿಡಿಗೆ ಅದು ಸಾಲುಸಾಲಾಗಿ ಹೊತ್ತಿಕೊಳ್ಳುತ್ತದೆ.