ಮೊಟ್ಟೆ ಕಡಿಮೆಯಾದರೆ ಟಾನಿಕ್‌ಗಿಂತ ಮೊದಲು ನೋಡಬೇಕಾದ್ದು

ಪ್ರಶ್ನೆ: ಹಿತ್ತಲಲ್ಲಿ 15 ಸ್ವರ್ಣಧಾರ ಕೋಳಿ ಸಾಕಿದ್ದೇನೆ. ವಯಸ್ಸು ಒಂದೂವರೆ ವರ್ಷ. ಮೊದಲು ದಿನಕ್ಕೆ 7-8 ಮೊಟ್ಟೆ ಸಿಗುತ್ತಿತ್ತು. ದೀಪಾವಳಿ ಆದಮೇಲೆ ಮೂರು ಸಿಕ್ಕರೆ ಹೆಚ್ಚು. ಅದರಲ್ಲೂ ಕೆಲವು ಕೈಗೆತ್ತಿಕೊಂಡರೆ ಒಡೆಯುವಷ್ಟು ತೆಳು. ಅಕ್ಕಿ ನುಚ್ಚು, ರಾಗಿ, ಮಿಕ್ಕ ಅನ್ನ ಹಾಕುತ್ತೇನೆ. ಹಗಲೆಲ್ಲ ಹೊರಗೆ ಮೇಯುತ್ತವೆ. ಎರಡು ಬಾಟಲಿ ಕ್ಯಾಲ್ಸಿಯಂ ಟಾನಿಕ್ ಕೊಟ್ಟರೂ ಏನೂ ಆಗಲಿಲ್ಲ. — ತಿಪಟೂರು ತಾಲ್ಲೂಕಿನ ಓದುಗರು

ಉತ್ತರ: ಮೊದಲು ಒಂದು ಮಾತು. ಸ್ವರ್ಣಧಾರ ವರ್ಷಕ್ಕೆ 180ರಿಂದ 190 ಮೊಟ್ಟೆ ಇಡುವ ತಳಿ. ಅಂದರೆ ಎರಡು ದಿನಕ್ಕೊಂದು. 15 ಕೋಳಿಗೆ 7-8 ಮೊಟ್ಟೆ ಬರುತ್ತಿತ್ತು ಎಂದರೆ ಅವು ಚೆನ್ನಾಗಿಯೇ ಇಡುತ್ತಿದ್ದವು. ಫಾರಂ ಕೋಳಿ 300 ಇಡುತ್ತದೆ ಅಂತ ಹೋಲಿಸಿ ಬೇಜಾರಾಗಬೇಡಿ. ಅದರ ತಳಿಯೇ ಬೇರೆ.

ಈಗ ಗೂಡಿನ ನೆಲ ನೋಡಿ. ಗರಿ ಜಾಸ್ತಿ ಬಿದ್ದಿದೆಯಾ? ಕತ್ತು, ಬೆನ್ನಿನ ಮೇಲೆ ಹೊಸ ಗರಿಯ ಮೊಳಕೆ ಕಾಣುತ್ತಿದೆಯಾ? ಹಾಗಿದ್ದರೆ ಕೋಳಿಗಳು ಗರಿ ಬದಲಿಸುತ್ತಿವೆ. ಒಂದೂವರೆ ವರ್ಷದ ಕೋಳಿಗೆ ಹಗಲು ಕಿರಿದಾಗುವ ಈ ಕಾಲದಲ್ಲಿ ಅದು ಸಹಜ. ಹೊಸ ಗರಿಗೂ ಪ್ರೋಟೀನ್ ಬೇಕು, ಮೊಟ್ಟೆಗೂ ಬೇಕು. ಕೋಳಿ ಗರಿಯನ್ನೇ ಆರಿಸಿಕೊಳ್ಳುತ್ತದೆ. ಸುಮಾರು ಎರಡು ತಿಂಗಳಲ್ಲಿ ಮತ್ತೆ ಶುರು ಮಾಡುತ್ತವೆ. ಯಾವ ಟಾನಿಕ್ಕೂ ಇದನ್ನು ಬೇಗ ಮುಗಿಸುವುದಿಲ್ಲ.

ಆದರೆ ತೆಳು ಚಿಪ್ಪಿಗೆ ಕಾರಣ ನೀವು ಹಾಕುವ ಮೇವಿನಲ್ಲೇ ಇದೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಕೋಳಿ ಸುಮಾರು 4 ಗ್ರಾಂ ತಿನ್ನಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಲ್ವಾ ಅಂತ ನೀವು ಕೇಳಬಹುದು. ಜಾಸ್ತಿ ನಿಜ, ಮನುಷ್ಯರ ಲೆಕ್ಕಕ್ಕೆ. 100 ಗ್ರಾಂ ರಾಗಿಯಲ್ಲಿ ಇರುವುದು ಗ್ರಾಂನ ಮೂರನೇ ಒಂದು ಭಾಗ ಮಾತ್ರ. ಅಕ್ಕಿ ನುಚ್ಚಿನಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಸಾಲದೇ ಬಂದದ್ದನ್ನು ಕೋಳಿ ತನ್ನ ಮೂಳೆಯಿಂದ ತೆಗೆಯುತ್ತದೆ. ಅದೂ ಮುಗಿದರೆ ಚಿಪ್ಪು ತೆಳುವಾಗುತ್ತದೆ, ಆಮೇಲೆ ಮೊಟ್ಟೆಯೇ ನಿಲ್ಲುತ್ತದೆ.

ಹೊತ್ತಿನ ವಿಷಯವೂ ಇದೆ. ಮೊಟ್ಟೆ ಒಳಗೆ ತಯಾರಾಗಲು 24-26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಬರೀ ಚಿಪ್ಪಿನ ಕೆಲಸ. ಹೆಚ್ಚಿನ ಪಾಲು ರಾತ್ರಿ ನಡೆಯುತ್ತದೆ, ಕೋಳಿ ಏನೂ ತಿನ್ನದೆ ಮಲಗಿರುವಾಗ. ಹಾಗಾಗಿ ಕ್ಯಾಲ್ಸಿಯಂ ಸಂಜೆ ಹೊಟ್ಟೆ ಸೇರಬೇಕು, ಪುಡಿಯಾಗಿ ಅಲ್ಲ, ತರಿಯಾಗಿ. ಪುಡಿ ಬೇಗ ಸಾಗಿ ಹೋಗುತ್ತದೆ, ತರಿ ರಾತ್ರಿಯೆಲ್ಲ ನಿಧಾನಕ್ಕೆ ಕರಗುತ್ತದೆ. ಕೋಳಿ ಆಹಾರದ ಅಂಗಡಿಯಲ್ಲಿ ಶೆಲ್ ಗ್ರಿಟ್ ಅಂತ ಕೇಳಿದರೆ ಕಪ್ಪೆಚಿಪ್ಪಿನ ತರಿ ಕೊಡುತ್ತಾರೆ. ಬೇರೆ ಬಟ್ಟಲಲ್ಲಿ ಇಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಮನೆಯ ಮೊಟ್ಟೆ ಚಿಪ್ಪನ್ನೂ ಬಳಸಬಹುದು. ಒಣಗಿಸಿ, ಹುರಿದು, ಗುರುತು ಸಿಗದ ಹಾಗೆ ಜಜ್ಜಿ ಹಾಕಿ. ಇಡೀ ಚಿಪ್ಪು ಹಾಕಿದರೆ ಮೊಟ್ಟೆ ಕುಕ್ಕಿ ತಿನ್ನುವ ಚಟ ಹತ್ತಬಹುದು. ಗೋಡೆಗೆ ಬಳಿಯುವ ಸುಣ್ಣ ಮಾತ್ರ ಹಾಕಲೇಬೇಡಿ, ಬಾಯಿ ಸುಡುತ್ತದೆ.

ನುಚ್ಚು, ಅನ್ನ ಕಡಿಮೆ ಮಾಡಿ. ಅದರಿಂದ ಕೋಳಿಗೆ ಕೊಬ್ಬು ಬರುತ್ತದೆ, ಕೊಬ್ಬಿದ ಕೋಳಿ ಮೊಟ್ಟೆ ಕಡಿಮೆ ಇಡುತ್ತದೆ. ಬದಲಿಗೆ 15 ಕೋಳಿಗೆ ದಿನಕ್ಕೆ ಒಂದೂಕಾಲು ಕೆಜಿ ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಗೆಂದೇ ತಯಾರಿಸಿದ ಮೇವು), ಬೆಳಿಗ್ಗೆ-ಸಂಜೆ ಹಂಚಿ ಕೊಡಿ. ಅದರಲ್ಲಿ ಶೇ 16-18 ಪ್ರೋಟೀನ್ ಇರುತ್ತದೆ, ಕ್ಯಾಲ್ಸಿಯಂ ಕೂಡ ಜಾಸ್ತಿ. ಮಿಕ್ಕದ್ದನ್ನು ಅವೇ ಮೇದುಕೊಳ್ಳುತ್ತವೆ. ಒಂದು ವಾರ ತೆಗೆದುಕೊಂಡು ನಿಧಾನಕ್ಕೆ ಬದಲಿಸಿ. ಮರಿಗಳಿದ್ದರೆ ಅವುಗಳಿಗೆ ಈ ಫೀಡ್ ಬೇಡ. ಅಷ್ಟು ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡಕ್ಕೆ ಕೆಟ್ಟದ್ದು. ಬೂಸಲು ಹಿಡಿದ ಜೋಳ, ಶೇಂಗಾ ಹಿಂಡಿ ಯಾವ ಕೋಳಿಗೂ ಬೇಡ.

ಇನ್ನು ಬೆಳಕು. ನಿಮ್ಮ ಕಡೆ ಜೂನ್‌ನಲ್ಲಿ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ ಹನ್ನೊಂದೂವರೆಗೂ ಕಡಿಮೆ. ಮೊಟ್ಟೆ ತಪ್ಪದೆ ಬರಬೇಕಾದರೆ 14ರಿಂದ 16 ಗಂಟೆ ಬೆಳಕು ಬೇಕು. ಗರಿ ಬಂದು ಮುಗಿದ ಮೇಲೆ ಗೂಡಿಗೆ ಒಂದು 9 ವ್ಯಾಟ್‌ನ ಎಲ್‌ಇಡಿ ಹಾಕಿ, ಬೆಳಗಿನ ಜಾವ ಹತ್ತುವಂತೆ ಟೈಮರ್ ಇಡಿ. ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸಿ. ಸಂಜೆ ಹಾಕಿ ಥಟ್ಟನೆ ಆರಿಸಿದರೆ ಕೋಳಿಗಳು ಮಲಗುವ ಕೋಲು ಹತ್ತಲಾಗದೆ ಕತ್ತಲಲ್ಲಿ ತಡಕಾಡುತ್ತವೆ. ಈ ವರ್ಷ ಅವು ಸುಮ್ನೆ ವಿಶ್ರಾಂತಿ ತೆಗೆದುಕೊಳ್ಳಲಿ ಅನ್ನಿಸಿದರೆ ಅದೂ ಸರಿಯೇ. ಮನೆಗೆ ಸಾಕಿದವರಿಗೆ ನಾನು ಹಾಗೇ ಹೇಳುವುದು.

ನೀರು ತಪ್ಪಬಾರದು. ಮೊಟ್ಟೆಯ ಮುಕ್ಕಾಲು ಪಾಲು ನೀರೇ. ಒಂದು ಕೋಳಿಗೆ ದಿನಕ್ಕೆ ಕಾಲು ಲೀಟರ್, ಬೇಸಿಗೆಯಲ್ಲಿ ಅದರ ಎರಡರಷ್ಟು, ನೆರಳಲ್ಲಿ.

ಇಷ್ಟು ಮಾಡಿಯೂ ಕೋಳಿ ಮಂಕಾಗಿದ್ದರೆ, ಹಸಿರು ಬೇಧಿ ಇದ್ದರೆ, ಕತ್ತು ತಿರುಚುತ್ತಿದ್ದರೆ ಕಾಯಬೇಡಿ, ಪಶುವೈದ್ಯರಿಗೆ ತೋರಿಸಿ. ರಾಣಿಖೇತ್ ಎಂಬ ಅಂಟುರೋಗ ಇರಬಹುದು. ಜಂತು ಔಷಧಿಯನ್ನೂ ಅವರನ್ನೇ ಕೇಳಿ ಕೊಡಿ. ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದೂ ಕೇಳಿಕೊಳ್ಳಿ.

ಪ್ರಶ್ನೆ: ನಾಟಿ ಕೋಳಿ ಮತ್ತೆ ಮತ್ತೆ ಕಾವಿಗೆ ಕೂರುತ್ತದೆ, ಮೊಟ್ಟೆ ನಿಲ್ಲಿಸುತ್ತದೆ. ನೀರಲ್ಲಿ ಮುಳುಗಿಸಬೇಕು, ಮೂಗಿಗೆ ಗರಿ ಚುಚ್ಚಬೇಕು ಅನ್ನುತ್ತಾರೆ. ಸರಿಯೇ? — ಹಾಸನದ ಓದುಗರು

ಉತ್ತರ: ಎರಡೂ ಬೇಡ, ಅದು ಹಿಂಸೆ. ತಳದಲ್ಲಿ ಗಾಳಿ ಆಡುವ ಜಾಲರಿ ಪಂಜರವನ್ನು ನೆಲದಿಂದ ಎತ್ತರಕ್ಕಿಟ್ಟು 3-4 ದಿನ ಅದರಲ್ಲಿ ಬಿಡಿ. ಹುಲ್ಲು ಹಾಸಬೇಡಿ. ಮೇವು, ನೀರು, ಬೆಳಕು ಎಲ್ಲ ಇರಲಿ. ಹೊಟ್ಟೆಗೆ ತಂಪು ತಾಗಿದರೆ ಕಾವು ಬಿಡುತ್ತದೆ. ಅದಕ್ಕಿಂತ ಮುಖ್ಯ, ಮೊಟ್ಟೆಯನ್ನು ದಿನಾ ಎತ್ತಿ. ಗೂಡಿನಲ್ಲಿ ರಾಶಿ ಕಂಡರೆ ಅದು ಕೂರುವುದೇ.

ಪ್ರಶ್ನೆ: ಹಳದಿ ಭಾಗ ಬಿಳಿಚಿಕೊಂಡಿದ್ದರೆ ಸತ್ವ ಕಡಿಮೆಯೇ? — ಮೈಸೂರಿನ ಓದುಗರು

ಉತ್ತರ: ಪ್ರೋಟೀನಿಗೂ ಆ ಬಣ್ಣಕ್ಕೂ ಸಂಬಂಧವಿಲ್ಲ. ಬಣ್ಣ ಬರುವುದು ಸೊಪ್ಪು, ಮೆಕ್ಕೆಜೋಳದಿಂದ. ನುಗ್ಗೆ ಸೊಪ್ಪು ಹಾಕಿ ನೋಡಿ, ಎರಡು ವಾರದಲ್ಲಿ ಬಣ್ಣ ಏರುತ್ತದೆ.