ಹಳೇ ಜಾವಾದಲ್ಲಿ ಹೊಸ ಟಿಎಲ್‌ಎಸ್ ನಡೆಯುತ್ತಾ?

ಪ್ರಶ್ನೆ: ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯ ಕೆಲವು ದಲಾಲಿ ಅಂಗಡಿಗಳಿಗೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ, ಎಲ್ಲಾ ಜಾವಾ 8. ಪೇಮೆಂಟ್ ಕಂಪನಿಯವರು ಇನ್ಮೇಲೆ ಟಿಎಲ್‌ಎಸ್ (ನೆಟ್‌ನಲ್ಲಿ ಹೋಗುವ ಮಾಹಿತಿಯನ್ನು ಗುಟ್ಟಾಗಿಡುವ ವ್ಯವಸ್ಥೆ) 1.3 ಮಾತ್ರ ಅಂತಿದ್ದಾರೆ. ಜಾವಾ 8ರ 261ನೇ ಅಪ್‌ಡೇಟ್ (8ಯು261) ಹಾಕಿದರೂ ‘ಹ್ಯಾಂಡ್‌ಶೇಕ್ ಫೇಲ್ಯೂರ್’ (ಸಂಪರ್ಕ ಕುದುರಲಿಲ್ಲ) ಅಂತ ಬರುತ್ತಿದೆ. ಜಾವಾವನ್ನೇ ಬದಲಿಸಬೇಕಾ ಸರ್?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ಬೇಡ. ಜಾವಾ 8 ಬಂದಿದ್ದು 2014ರಲ್ಲಿ, ಟಿಎಲ್‌ಎಸ್ 1.3 ಅಂತಿಮವಾಗಿದ್ದು 2018ರ ಆಗಸ್ಟ್‌ನಲ್ಲಿ. ಹಳೇ ಆವೃತ್ತಿಯ ಇಂಥ ಅಪ್‌ಡೇಟ್‌ಗಳಲ್ಲಿ ಸಾಮಾನ್ಯವಾಗಿ ಬಗ್ ಸರಿಮಾಡಿ ಸುಮ್ನಾಗುತ್ತಾರೆ, ಹೊಸದೇನೂ ಸೇರಿಸುವುದಿಲ್ಲ. ಆದರೆ ಇಷ್ಟೊಂದು ಜನ ಜಾವಾ 8 ಬಿಡದೇ ಕೂತಿರುವಾಗ ಭದ್ರತೆಯ ವಿಷಯದಲ್ಲಿ ಅವರನ್ನು ಹಾಗೇ ಬಿಡೋಕಾಗಲ್ಲ ಅಲ್ವಾ, ಅದಕ್ಕೇ ಜಾವಾ 11ರಲ್ಲಿದ್ದ ಟಿಎಲ್‌ಎಸ್ 1.3 ಅನ್ನು ಜಾವಾ ಕಂಪನಿ ಒರಾಕಲ್‌ನವರು 2020ರ ಜುಲೈನಲ್ಲಿ 8ಯು261ಕ್ಕೂ ತಂದರು.

ನಿಮಗೆ ಕೈಕೊಟ್ಟಿರುವುದು ಬೇರೆ. ಆ ಅಪ್‌ಡೇಟ್‌ನಲ್ಲಿ 1.3 ಸರ್ವರ್ (ಸಂಪರ್ಕ ಸ್ವೀಕರಿಸುವವರ) ಕಡೆ ತಾನಾಗಿಯೇ ಆನ್, ಕ್ಲೈಂಟ್ (ಸಂಪರ್ಕ ಕೇಳಿ ಹೋಗುವವರ) ಕಡೆ ಆಫ್. ನಡೆಯುತ್ತಿದ್ದ ಪ್ರೋಗ್ರಾಂ ಅಪ್‌ಡೇಟ್ ಹಾಕಿದ ಮರುದಿನ ನಿಂತುಬಿಟ್ಟರೆ ಜನ ಸುಮ್ನಿರುತ್ತಾರಾ? ಅದಕ್ಕೇ ಕ್ಲೈಂಟ್ ಕಡೆ ಆಫ್ ಇಟ್ಟಿದ್ದು ನನಗಂತೂ ಸರಿ ಅನಿಸುತ್ತದೆ. ಪೇಮೆಂಟ್ ಸರ್ವರ್‌ಗೆ ಹೋಗುವಾಗ ನಿಮ್ಮ ಸಾಫ್ಟ್‌ವೇರ್ ಕ್ಲೈಂಟ್. ಹಾಗಾಗಿ ಶುರುಮಾಡುವ ಕಮಾಂಡ್‌ನಲ್ಲಿ ‘ಜೆಡಿಕೆ.ಟಿಎಲ್‌ಎಸ್.ಕ್ಲೈಂಟ್.ಪ್ರೊಟೊಕಾಲ್ಸ್’ (jdk.tls.client.protocols) ಅನ್ನೋ ಸೆಟ್ಟಿಂಗ್‌ಗೆ ಟಿಎಲ್‌ಎಸ್ 1.2, 1.3 ಎರಡನ್ನೂ ಕೊಡಿ. 1.2 ತೆಗೀಬೇಡಿ, ಬೇರೆ ಸರ್ವರ್‌ಗಳಿಗೆ ಬೇಕಾಗಬಹುದು. ಇಲ್ಲವೇ 8ಯು341 ಅಥವಾ ಅದಕ್ಕಿಂತ ಹೊಸದನ್ನು ಹಾಕಿ, ಅಲ್ಲಿ ಕ್ಲೈಂಟ್ ಕಡೆಯೂ ಆನ್ ಇದೆ. ಆದರೆ ನಿಮ್ಮ ಹುಡುಗರು ಕೋಡ್‌ನಲ್ಲೇ ‘ಟಿಎಲ್‌ಎಸ್‌ವಿ1.2’ ಅಂತ ಬರೆದಿಟ್ಟಿದ್ದರೆ ಇದ್ಯಾವುದೂ ಹತ್ತುವುದಿಲ್ಲ, ಮೊದಲು ಅದನ್ನು ಹುಡುಕಿ.