ದೇವರಮನೆಯ ಮೂರ್ತಿ ಕಳುವಾದ ಮೇಲೆ

ಪ್ರಶ್ನೆ: ನಮ್ಮ ದೇವರಮನೆಯಲ್ಲಿ ನಾಲ್ಕು ತಲೆಮಾರಿನಿಂದ ಪೂಜೆಗೊಳ್ಳುತ್ತಿದ್ದ ವೀರಭದ್ರನ ಪಂಚಲೋಹದ ಮೂರ್ತಿ ಕಳೆದ ಶ್ರಾವಣದಲ್ಲಿ ಕಳುವಾಯಿತು. ಅಂದಿನಿಂದ ಅತ್ತೆಯವರು ಸರಿಯಾಗಿ ಊಟ ಮಾಡುತ್ತಿಲ್ಲ. ದೇವರೇ ಮನೆ ಬಿಟ್ಟು ಹೋದನೆಂದೂ, ಇನ್ನು ಮನೆತನಕ್ಕೆ ಕೇಡು ತಪ್ಪದೆಂದೂ ಹೇಳುತ್ತಾರೆ. ಸಾಲ ಮಾಡಿಯಾದರೂ ಹೊಸ ಮೂರ್ತಿ ಮಾಡಿಸಬೇಕೆಂಬ ಮಾತು ನಡೆದಿದೆ. ವಚನಗಳನ್ನು ಓದುವ ನನಗೆ ಇದು ಸರಿಯೆನಿಸುತ್ತಿಲ್ಲ. ಆದರೆ, ‘ಕೊರಳಲ್ಲಿ ಧರಿಸುವ ಇಷ್ಟಲಿಂಗವೂ ಒಂದು ಕಲ್ಲೇ ಅಲ್ಲವೆ?’ ಎಂದು ಮೈದುನ ಕೇಳಿದಾಗ ಉತ್ತರ ಹೊಳೆಯಲಿಲ್ಲ. ದಯವಿಟ್ಟು ತಿಳಿಸಿಕೊಡಿ.
— ಓದುಗ ಸಹೋದರಿ, ಬೆಳಗಾವಿ ಜಿಲ್ಲೆ

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಓದುತ್ತಿದ್ದಂತೆ ಬಸವಣ್ಣನವರ ವಚನವೊಂದು ನೆನಪಾಯಿತು. ಅರಗು ತಿಂದು ಕರಗುವ ದೈವವನ್ನು, ಉರಿಯ ಕಂಡರೆ ಮುರುಟುವ ದೈವವನ್ನು, ಅವಸರ ಬಂದರೆ ಮಾರುವ ದೈವವನ್ನು, ಅಂಜಿಕೆಯಾದರೆ ಹೂಳುವ ದೈವವನ್ನು ಹೇಗೆ ಸರಿಯೆನ್ನಲಿ ಎಂದು ಅವರು ಕೇಳುತ್ತಾರೆ. ಇದು ಗೇಲಿಯ ಮಾತಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳ ರಾಜನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರು, ಲೋಹಕ್ಕೆ ಬೆಲೆ ಕಟ್ಟುವುದನ್ನು ದಿನವೂ ಕಂಡವರು ಆಡಿದ ಮಾತು. ಕಷ್ಟ ಬಂದಾಗ ಜನ ದೇವರ ಮೂರ್ತಿಯನ್ನೇ ಮಾರುತ್ತಿದ್ದರು, ದಂಡು ಬರುವ ಸುದ್ದಿ ಕೇಳಿದರೆ ಅದನ್ನು ಮಣ್ಣಿನಲ್ಲಿ ಹುಗಿಯುತ್ತಿದ್ದರು. ತನ್ನನ್ನು ಕಾಯಬೇಕಾದ ದೇವರನ್ನು ತಾನೇ ಕಾಯಬೇಕಾದ ಭಕ್ತನ ಸಂಕಟವನ್ನು ಆ ಎರಡು ಸಾಲುಗಳು ಹಿಡಿದಿಟ್ಟಿವೆ. ನಿಮ್ಮ ಮನೆಯಲ್ಲಿ ಇಂದು ಇರುವುದೂ ಅದೇ ಸಂಕಟ. ಕಳ್ಳನೊಬ್ಬ ಚೀಲಕ್ಕೆ ಹಾಕಿಕೊಂಡು ಹೋಗಬಲ್ಲದ್ದು ನಿಮ್ಮ ಮನೆತನದ ಒಳಿತು ಕೆಡುಕುಗಳ ಒಡೆಯನಾಗಿರಲು ಸಾಧ್ಯವಿಲ್ಲವೆಂಬುದನ್ನು ನಾನು ದೃಢವಾಗಿ ನಂಬಿದ್ದೇನೆ.

ಅಲ್ಲಮಪ್ರಭುಗಳ ಮಾತು ಇನ್ನೂ ಕಠಿಣ. ಕಲ್ಲಿನ ಮನೆ ಮಾಡಿ, ಕಲ್ಲಿನ ದೇವರ ಮಾಡಿ, ಆ ಕಲ್ಲು ಕಲ್ಲಿನ ಮೇಲೆ ಬಿದ್ದರೆ ದೇವರು ಎತ್ತ ಹೋದರು ಎಂಬುದು ಅವರ ಪ್ರಶ್ನೆ. ಆದರೆ ಈ ವಚನವನ್ನು ಅತ್ತೆಯವರ ಎದುರು ಈಗಲೇ ಓದಬೇಡಿ. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಗುಡಿ ಕಟ್ಟಿಸಿ ಕೆರೆ ತೋಡಿಸುತ್ತಿದ್ದ ಸಿದ್ಧರಾಮರನ್ನು ಅಲ್ಲಮರು ಎದುರುಗೊಂಡ ಪ್ರಸಂಗವನ್ನು 15ನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯೆಂಬ ಗ್ರಂಥ ಹೇಳುತ್ತದೆ. ಮೊದಲು ಮಾತು ಬಿರುಸಾದರೂ ಕೊನೆಗೆ ಅಲ್ಲಮರು ಅವರನ್ನು ಜೊತೆಯಲ್ಲಿ ಕರೆದುಕೊಂಡೇ ಕಲ್ಯಾಣಕ್ಕೆ ಹೋಗುತ್ತಾರೆ. ಸ್ಥಾವರವನ್ನು, ಅಂದರೆ ಒಂದೆಡೆ ನೆಲೆನಿಂತ ಗುಡಿ ದೇವರನ್ನು, ಅಷ್ಟೊಂದು ಪ್ರೀತಿಸಿದವರು ಶರಣರಲ್ಲಿ ಹಿರಿಯರಾದರು. ನಿಮ್ಮ ಅತ್ತೆಯವರು ಇಷ್ಟು ವರ್ಷ ಮೂರ್ತಿಯ ಮುಂದೆ ಕೂತು ಸುರಿಸಿದ ಭಕ್ತಿಯನ್ನು ಯಾವ ಕಳ್ಳನೂ ಒಯ್ದಿಲ್ಲ. ಅದನ್ನು ಅವರಿಗೆ ಮೊದಲು ತಿಳಿಸಬೇಕಾಗಿದೆ.

ಇನ್ನು ನಿಮ್ಮ ಮೈದುನನ ಪ್ರಶ್ನೆ. ಅದು ಪ್ರಾಮಾಣಿಕವಾದ ಪ್ರಶ್ನೆಯಾಗಿದ್ದು, ಅದನ್ನು ಹಾರಿಸಿ ಮುಂದೆ ಹೋಗಬಾರದು. ಇಷ್ಟಲಿಂಗ ವಸ್ತುವೇ ಹೌದು. ಆದರೆ ಶರಣರು ಅದನ್ನು ಕುರುಹು ಎಂದು ಕರೆದರು. ಕುರುಹನ್ನು ಹಿಡಿದು ಅರಿವನ್ನು ಮುಟ್ಟಬೇಕೆಂದರು. ಅಂಗೈಯಲ್ಲಿಟ್ಟು ನೋಡುವ ಆ ಲಿಂಗಕ್ಕೆ ಗುಡಿ ಬೇಡ, ಉತ್ಸವ ಬೇಡ, ನಡುವೆ ನಿಂತು ಪೂಜೆ ಮಾಡಿಕೊಡುವ ಇನ್ನೊಬ್ಬರು ಬೇಡ. ತಾನು ಉಣ್ಣುವ ಊಟವನ್ನು ಬೇರೆಯವರಿಂದ ಮಾಡಿಸಲಾಗದಂತೆ ತನ್ನ ಲಿಂಗದ ನಿತ್ಯನೇಮವನ್ನೂ ತಾನೇ ಮಾಡಬೇಕೆಂದು ಬಸವಣ್ಣನವರು ಹೇಳಿದರು. ಹೀಗಿರುವುದರಿಂದ ಅದು ಹೆಣ್ಣಿಗೂ, ಚರ್ಮದ ಕೆಲಸ ಮಾಡುವವನಿಗೂ, ದೋಣಿ ನಡೆಸುವವನಿಗೂ ಒಂದೇ ರೀತಿಯಲ್ಲಿ ದೊರೆಯಿತು. ಆದರೂ ಮೈದುನನ ಮಾತಿನಲ್ಲಿ ಒಂದು ಎಚ್ಚರಿಕೆಯಿದೆಯೆಂದು ಒಪ್ಪಿಕೊಳ್ಳಿ. ಕೊರಳಲ್ಲಿ ಕರಡಿಗೆ ಕಟ್ಟಿಕೊಂಡು, ಅದರೊಳಗಿನ ಲಿಂಗವನ್ನು ಕೇಡು ತಟ್ಟದಂತೆ ಕಾಯುವ ತಾಯಿತದ ಹಾಗೆ ಕಂಡು, ಅಂಗಡಿಯಲ್ಲಿ ತೂಕದಲ್ಲಿ ಮೋಸ ಮಾಡುವವನಿಗೆ ಇಷ್ಟಲಿಂಗವೂ ಬರಿಯ ವಿಗ್ರಹವೇ ಆಗುತ್ತದೆ. ಶರಣರು ಖಂಡಿಸಿದ್ದು ಶಿಲೆಯನ್ನಷ್ಟೇ ಅಲ್ಲ, ದೇವರೊಡನೆ ಕೊಟ್ಟು ಕೊಳ್ಳುವ ವ್ಯವಹಾರವನ್ನು.

ಮೂರ್ತಿಪೂಜೆಯನ್ನು ಬಿಡದ ಪುರಂದರದಾಸರೂ ಈ ಮಾತಿನಲ್ಲಿ ಶರಣರ ಜೊತೆಗೇ ನಿಲ್ಲುತ್ತಾರೆ. ಕಂಚುಗಾರನ ಬಿಡಾರದಂತೆ ಕಂಚು ಹಿತ್ತಾಳೆಯ ಪ್ರತಿಮೆಗಳನ್ನು ಸಾಲಾಗಿ ಜೋಡಿಸಿ, ದೀಪಗಳನ್ನು ಹಚ್ಚಿ, ವಂಚನೆಯ ಮನಸ್ಸಿನಿಂದ ಮಾಡುವ ಪೂಜೆಯನ್ನು ಅವರು ಉದರ ವೈರಾಗ್ಯವೆಂದು, ಅಂದರೆ ಹೊಟ್ಟೆಪಾಡಿಗಾಗಿ ತೋರಿಸುವ ವೈರಾಗ್ಯವೆಂದು, ಕರೆದರು.

ಹಾಗಾದರೆ ನಿಷ್ಠೆಯ ಭಕ್ತಿಯೆಂದರೇನು? ಬಸವಣ್ಣನವರು ಅದನ್ನು ನಂಬಿಕೆಯೆಂಬ ಒಂದೇ ಮಾತಿನಲ್ಲಿ ಇಟ್ಟರು. ಲೋಕದ ಜನ ನಂಬದೆ, ನೆಚ್ಚದೆ ಬರಿದೆ ಕರೆಯುತ್ತಾರೆ. ನಂಬಿ ಕರೆದರೆ ಶಿವನು ಓ ಎನ್ನನೆ ಎಂಬುದು ಅವರ ವಚನ. ನಂಬಿದವರ ಮನೆಯಲ್ಲಿ ಭಯ ಕಡಿಮೆಯಾಗಬೇಕು, ನಡೆ ನುಡಿ ಒಂದಾಗಬೇಕು, ಹಸಿದು ಬಂದವರಿಗೆ ಅನ್ನ ಸಿಗಬೇಕು. ಉಣ್ಣುವ ಜಂಗಮ, ಅಂದರೆ ಊರೂರು ಸುತ್ತುವ ಶಿವಭಕ್ತ, ಬಂದರೆ ಮುಂದೆ ನಡೆಯೆನ್ನುತ್ತಾರೆ, ಉಣ್ಣದ ಲಿಂಗಕ್ಕೆ ಎಡೆ ಹಿಡಿಯುತ್ತಾರೆ ಎಂದು ಅವರು ನೊಂದು ನುಡಿದದ್ದು ಇದಕ್ಕಾಗಿಯೇ.

ಸಾಲ ಮಾಡಿ ಮೂರ್ತಿ ಮಾಡಿಸುವ ಮಾತನ್ನು ಬಿಡಿಸಿ. ಸಾಲದ ಕಂತು ಕಟ್ಟಲು ಪರದಾಡುವ ಮನೆಯಲ್ಲಿ ಹೊಸ ಮೂರ್ತಿಗೂ ಬೀಗ ಹಾಕಬೇಕಾಗುತ್ತದೆ, ಅತ್ತೆಯವರ ಅಂಜಿಕೆ ಆ ಬೀಗದ ಸುತ್ತ ಮತ್ತೆ ಬೆಳೆಯುತ್ತದೆ. ಪೂಜೆಯ ಹೊತ್ತನ್ನು ಮಾತ್ರ ತಪ್ಪಿಸಬೇಡಿ. ಅದೇ ಸಮಯಕ್ಕೆ ದೀಪ ಹಚ್ಚಿ, ಅವರ ಪಕ್ಕದಲ್ಲಿ ಕುಳಿತು, ಅವರು ಇಷ್ಟು ವರ್ಷ ದೇವರಲ್ಲಿ ಏನು ಬೇಡಿಕೊಳ್ಳುತ್ತಿದ್ದರೆಂದು ಕೇಳಿ. ಬಳಿಕ ‘ನಂಬಿ ಕರೆದಡೆ’ ವಚನವನ್ನು ಇಬ್ಬರೂ ಕೂಡಿ ಹೇಳಿ. ಮೊದಲ ಕೆಲವು ದಿನ ಅವರು ಬರಿದಾದ ಪೀಠವನ್ನೇ ನೋಡುತ್ತ ಕುಳಿತಿರಬಹುದು. ಅವಸರಪಡಿಸಬೇಡಿ.